ತೆರೆಯ ಮೌನಕ್ಕೊಂದು ವೀಕ್ಷಕ ವಿವರಣೆ



ದತ್ತಿ ಉಪನ್ಯಾಸವೆಂದರೆ ಒಬ್ಬ ಕವಿ ಅಥವಾ ಒಂದು ಕೃತಿಯ ಮೇಲೆ ಮಾತಾಡುವುದು ರೂಢಿ. ಕುವೆಂಪು ಹುಟ್ಟಿದ ಹಿರೇಕೊಡಿಗೆ ಕೊಪ್ಪ ತಾಲ್ಲೂಕಿನಲ್ಲೇ ಇರುವಾಗ ನಮಗೆ ವಿಷಯಕ್ಕೆ ಬರವಿಲ್ಲ. ಆದರೂ ಇವತ್ತು ನಾನು ಬೇರೊಂದು ಮಾತು ಎತ್ತಿಕೊಂಡಿದ್ದೇನೆ. ಸಿನಿಮಾ, ಧಾರಾವಾಹಿಗಳೆಲ್ಲ ಅಂಗೈಯ ಮೊಬೈಲಿಗೇ ಬಂದಿರುವ ಈ ಕಾಲದಲ್ಲಿ ಕಣ್ಣು ಕಾಣದವರಿಗೆ ಅವು ತಲುಪುವುದು ಹೇಗೆ? ಇದು ತಂತ್ರಜ್ಞಾನದ ಪ್ರಶ್ನೆ ಎಂದು ಹಲವರಿಗೆ ಅನಿಸಬಹುದು. ಇದು ಭಾಷೆಯ ಪ್ರಶ್ನೆ, ಆದ್ದರಿಂದ ಸಾಹಿತ್ಯದ ಪ್ರಶ್ನೆಯೂ ಹೌದು ಎಂಬುದು ನನ್ನ ನಂಬಿಕೆ.

‘ಆಮೇಲೆ ಹೇಳ್ತೀನಿ’

ನಮ್ಮ ಮನೆಯಲ್ಲಿ ಒಬ್ಬರು ದೊಡ್ಡಮ್ಮ ಇದ್ದರು. ಚಿಕ್ಕಂದಿನಲ್ಲಿ ಸಿಡುಬು ಬಂದು ಎರಡೂ ಕಣ್ಣು ಹೋಗಿದ್ದವು. ಅಡಿಕೆ ಸುಲಿಯುವ ಕಾಲದಲ್ಲಿ ರಾತ್ರಿ ಜಗಲಿಯಲ್ಲಿ ಸಾಲಾಗಿ ಕೂತ ಹೆಂಗಸರಲ್ಲಿ ಅವರ ಕೈ ಎಲ್ಲರಿಗಿಂತ ಚುರುಕು. ದೀಪದ ಹಂಗಿಲ್ಲದ ಕೈ ಅದು. ಸಿಪ್ಪೆ ಮುಟ್ಟಿಯೇ ಹಸಿಯೋ ಬಲಿತದ್ದೋ ಹೇಳುತ್ತಿದ್ದರು. ಪಕ್ಕದಲ್ಲಿ ರೇಡಿಯೋ. 1965ರಲ್ಲಿ ಶುರುವಾದ ಭದ್ರಾವತಿ ಆಕಾಶವಾಣಿ ಮಲೆನಾಡಿನ ಮನೆಗಳಿಗೆ ನೆಂಟನಿದ್ದಂತೆ. ನಾಟಕ, ಗಮಕ, ಕೃಷಿರಂಗ, ಚಿತ್ರಗೀತೆ ಯಾವುದರಲ್ಲೂ ಅವರು ನಮಗಿಂತ ಒಂದು ಹೆಜ್ಜೆ ಹಿಂದೆ ಇರಲಿಲ್ಲ. ನಾವೂ ಕಿವಿಯಲ್ಲೇ ಕೇಳುತ್ತಿದ್ದೆವು, ಅವರೂ ಕಿವಿಯಲ್ಲೇ ಕೇಳುತ್ತಿದ್ದರು.

1987ರ ಜನವರಿಯಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾಯಿತು. ಭಾನುವಾರ ಬೆಳಿಗ್ಗೆ ಟಿವಿ ಇದ್ದ ಮನೆಯ ಜಗಲಿ ತುಂಬ ಜನ. ದೊಡ್ಡಮ್ಮನನ್ನೂ ಕೈಹಿಡಿದು ಕರೆದೊಯ್ದೆ. ರಾಮಾಯಣದ ಕಥೆ ಅವರಿಗೆ ಬಾಯಿಪಾಠ. ಆದರೆ ತೆರೆಯ ಮಾತೆಲ್ಲ ಹಿಂದಿ, ಮಾತಿಲ್ಲದ ಕಡೆ ಬರೀ ವಾದ್ಯ. ಬಾಣ ಹೋದ ಸದ್ದು ಕೇಳುತ್ತದೆ, ಯಾರಿಗೆ ತಾಗಿತು ಎಂದು ತಿಳಿಯುವುದಿಲ್ಲ. ‘ಈಗ ಎಂತ ಆಯ್ತಾ?’ ಎಂದು ನನ್ನ ತೋಳು ಮುಟ್ಟಿ ಕೇಳುತ್ತಿದ್ದರು. ನಾನು ತೆರೆಯಿಂದ ಕಣ್ಣು ಕೀಳದೆ ‘ಸುಮ್ನಿರಿ ದೊಡ್ಡಮ್ಮ, ಆಮೇಲೆ ಹೇಳ್ತೀನಿ’ ಎನ್ನುತ್ತಿದ್ದೆ. ನಾಲ್ಕು ವಾರ ಬಂದರು, ಐದನೆಯ ವಾರ ಬರಲಿಲ್ಲ. ‘ಬುಟ್ಟಿಗಟ್ಟಲೆ ಅಡಿಕೆ ಇದೆ, ನೀವು ಹೋಗಿ ಬನ್ನಿ’ ಎಂದರು. ಅಡಿಕೆ ಒಂದು ನೆಪ ಎಂದು ನನಗೆ ಅರ್ಥವಾದದ್ದು ಅವರು ತೀರಿಕೊಂಡು ಬಹಳ ವರ್ಷವಾದ ಮೇಲೆ.

ರೇಡಿಯೋ ಇದ್ದ ಜಗಲಿಯಲ್ಲಿ ಅವರು ನಮ್ಮ ಜೊತೆಯಲ್ಲಿದ್ದರು. ಟಿವಿ ಬಂದ ಜಗಲಿಯಲ್ಲಿ ಹೊರಗುಳಿದರು. ಅವರ ಕಣ್ಣು ಎರಡೂ ಕಡೆ ಒಂದೇ ತೆರನಾಗಿತ್ತು. ಬದಲಾದದ್ದು ಕಥೆ ಹೇಳುವ ರೀತಿ. ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಹೋಗೋಣ.

ಧ್ವನಿ ವಿವರಣೆ ಎಂದರೆ

ಸಿನಿಮಾದಲ್ಲಿ ಎರಡು ಮಾತಿನ ನಡುವೆ ಸಿಗುವ ಬಿಡುವಿನಲ್ಲಿ ಇನ್ನೊಂದು ದನಿ ಬಂದು, ತೆರೆಯ ಮೇಲೆ ಆಗುತ್ತಿರುವುದನ್ನು ಚುಟುಕಾಗಿ ಹೇಳಿ ಹಿಂದೆ ಸರಿಯುವುದೇ ಧ್ವನಿ ವಿವರಣೆ. ಯಾರು ಒಳಗೆ ಬಂದರು, ಕೈಯಲ್ಲಿ ಏನಿದೆ, ಮುಖ ಹೇಗಾಯಿತು, ಊರು ಯಾವುದು, ಹೊತ್ತು ಯಾವುದು ಎಂಬಷ್ಟನ್ನು ಅದು ತಿಳಿಸುತ್ತದೆ. ಮಾತಿನ ಮೇಲೆ ಮಾತು ಹೇರುವುದಿಲ್ಲ. ಬೇಕಾದವರು ಹಾಕಿಕೊಳ್ಳಬಹುದಾದ ಬೇರೆಯೇ ಒಂದು ಧ್ವನಿಪಟ್ಟಿಯಾಗಿ ಅದು ಚಿತ್ರದ ಜೊತೆಗಿರುತ್ತದೆ.

ಇದರ ಆಧುನಿಕ ರೂಪ ಅಮೆರಿಕದಲ್ಲಿ ಹುಟ್ಟಿತು. ಸ್ಯಾನ್ ಫ್ರಾನ್ಸಿಸ್ಕೋದ ಗ್ರೆಗರಿ ಫ್ರೇಜಿಯರ್ 1970ರ ದಶಕದಲ್ಲಿ ಇದನ್ನೇ ವಿಷಯವಾಗಿಟ್ಟುಕೊಂಡು ಸ್ನಾತಕೋತ್ತರ ಪ್ರಬಂಧ ಬರೆದರು. 1981ರಲ್ಲಿ ವಾಷಿಂಗ್ಟನ್ನಿನ ಅರೀನಾ ಸ್ಟೇಜ್ ರಂಗಮಂದಿರದಲ್ಲಿ, ಸ್ವತಃ ದೃಷ್ಟಿ ಕಳೆದುಕೊಂಡಿದ್ದ ಮಾರ್ಗರೆಟ್ ಫಾನ್‌ಸ್ಟೀಲ್ ಮತ್ತು ಅವರ ಪತಿ ಕೋಡಿ ನಾಟಕಗಳಿಗೆ ನೇರ ವಿವರಣೆ ಕೊಡುವ ಏರ್ಪಾಡು ಮಾಡಿದರು. ಆ ಕೆಲಸ ರಂಗದಿಂದ ಟಿವಿಗೆ, ಟಿವಿಯಿಂದ ಅಂತರ್ಜಾಲದಲ್ಲಿ ಚಿತ್ರ ತೋರಿಸುವ ಒಟಿಟಿಗೆ ಬಂತು. 2015ರ ಏಪ್ರಿಲ್‌ನಲ್ಲಿ ನೆಟ್‌ಫ್ಲಿಕ್ಸ್ ‘ಡೇರ್‌ಡೆವಿಲ್’ ಎಂಬ ಸರಣಿ ಬಿಡುಗಡೆ ಮಾಡಿತು. ಅದರ ನಾಯಕ ಒಬ್ಬ ಅಂಧ ವಕೀಲ. ಅಂಧ ನಾಯಕನ ಕಥೆಯನ್ನು ಅಂಧ ವೀಕ್ಷಕರೇ ನೋಡಲಾಗದೇ ಎಂದು ಅವರು ಗಟ್ಟಿಯಾಗಿ ಕೇಳಿದ ಮೇಲೆ, ಆ ಸಂಸ್ಥೆ ಧ್ವನಿ ವಿವರಣೆಯನ್ನು ಅದೇ ಸರಣಿಯಿಂದ ಶುರುಮಾಡಿತು. ಬಾಯಿ ಬಿಟ್ಟು ಕೇಳಿದ್ದರಿಂದ ಸಿಕ್ಕಿತು ಎಂಬುದು ಅದರ ಪಾಠ.

ಈ ಕಸುಬು ನಮಗೆ ಹೊಸದೇ?

ಇದನ್ನು ಹೊರಗಿನಿಂದ ಬಂದ ಸೌಲಭ್ಯ ಎಂದು ಮಾತ್ರ ನೋಡಿದರೆ ನಮ್ಮ ಕಸುಬನ್ನು ನಾವೇ ಮರೆತಂತೆ. ಧೃತರಾಷ್ಟ್ರನಿಗೆ ಯುದ್ಧ ಹೇಳಿದ ಸಂಜಯನ ನೆನಪು ಎಲ್ಲರಿಗೂ ಬರುತ್ತದೆ. ಆದರೆ ಸಂಜಯ ಬುದ್ಧಿಯನ್ನೂ ಹೇಳುತ್ತಾನೆ, ತೀರ್ಪನ್ನೂ ಕೊಡುತ್ತಾನೆ. ವಿವರಣೆಗಾರ ತೀರ್ಪು ಕೊಡಬಾರದು. ನಮ್ಮ ಮಾದರಿಗಳು ಅದಕ್ಕಿಂತ ಹತ್ತಿರದಲ್ಲೇ ಇವೆ.

ಮೈಸೂರು ದಸರೆಯ ಜಂಬೂಸವಾರಿಯನ್ನು ಆಕಾಶವಾಣಿ ಬಿತ್ತರಿಸುವಾಗ ಅದಕ್ಕೆ ಇಟ್ಟ ಹೆಸರು ‘ವೀಕ್ಷಕ ವಿವರಣೆ’. ಎಷ್ಟು ಸರಿಯಾದ ಪದ! ಆನೆ ಯಾವ ಗತಿಯಲ್ಲಿ ಬರುತ್ತಿದೆ, ಅಂಬಾರಿಯ ಮೇಲೆ ಬಿಸಿಲು ಹೇಗೆ ಬಿದ್ದಿದೆ, ಜನ ಯಾವ ಕಡೆ ಏಳುತ್ತಿದ್ದಾರೆ ಎಂದು ಬಲ್ಲವರೊಬ್ಬರು ಹೇಳುತ್ತ ಹೋದರೆ, ನರಸಿಂಹರಾಜಪುರದ ತೋಟದ ಮನೆಯಲ್ಲಿ ಕೂತವರಿಗೂ ಮೈಸೂರಿನ ರಾಜಬೀದಿ ಎದುರಿಗೆ ಬರುತ್ತಿತ್ತು. ಮಾತಿನಲ್ಲಿ ಕಾಣಿಸುವ ಈ ಕಲೆಯನ್ನು ನಮ್ಮ ಆಕಾಶವಾಣಿಯ ಉದ್ಘೋಷಕರು ಹಲವು ತಲೆಮಾರು ಬೆಳೆಸಿದರು. ಕ್ಯಾಸೆಟ್ಟಿನ ಕಾಲದಲ್ಲಿ ಸಿನಿಮಾದ ಸಂಭಾಷಣೆಗಳು ಧ್ವನಿಸುರುಳಿಯಾಗಿ ಬರುತ್ತಿದ್ದವು. ಎರಡು ದೃಶ್ಯದ ನಡುವೆ ಕಥೆಯ ಎಳೆ ಕೂಡಿಸಲು ಒಂದು ನಿರೂಪಣೆಯ ದನಿಯೂ ಅವುಗಳಲ್ಲಿ ಕೆಲವಕ್ಕೆ ಇರುತ್ತಿತ್ತು. ಅದೂ ಧ್ವನಿ ವಿವರಣೆಯ ಒಂದು ಪೂರ್ವರೂಪವೇ.

ಇನ್ನು ನಮ್ಮ ತಾಳಮದ್ದಳೆ. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಆಷಾಢದ ಮಳೆಯಲ್ಲಿ, ಜಗಲಿಯಲ್ಲೋ ದೇವಸ್ಥಾನದ ಚಾವಡಿಯಲ್ಲೋ ಭಾಗವತರು ಜಾಗಟೆ ಹಿಡಿಯುತ್ತಾರೆ. ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಕೂತಲ್ಲೇ ಕುರುಕ್ಷೇತ್ರವನ್ನು ಕಟ್ಟುತ್ತಾರೆ. ಅಲ್ಲಿ ಕಣ್ಣಿದ್ದವರಿಗೂ ಇಲ್ಲದವರಿಗೂ ಸಿಗುವುದು ಒಂದೇ ಕರ್ಣ, ಒಂದೇ ಕೃಷ್ಣ. ನಮ್ಮ ದೊಡ್ಡಮ್ಮ ತಾಳಮದ್ದಳೆಗೆ ಹೋದರೆ ಮಂಗಳವಾಗದೆ ಏಳುತ್ತಿರಲಿಲ್ಲ.

ಅದೇ ಪ್ರಸಂಗ ಬಯಲಾಟವಾದಾಗ ಏನಾಗುತ್ತದೆ ನೋಡಿ. ಬಣ್ಣದ ವೇಷ ತೆರೆಯ ಮರೆಯಲ್ಲಿ ಬಂದು ನಿಲ್ಲುತ್ತದೆ. ಚೆಂಡೆ ಏರುತ್ತದೆ, ಮಾತಿಲ್ಲ. ಸಭೆ ಉಸಿರು ಹಿಡಿದು ನೋಡುತ್ತದೆ. ತೆರೆಯ ಮೇಲೆ ಕಿರೀಟದ ತುದಿ ಕಾಣುತ್ತದೆ, ಬಟ್ಟೆಯ ಅಂಚನ್ನು ಹತ್ತು ಬೆರಳು ಹಿಡಿಯುತ್ತವೆ, ತೆರೆ ಸ್ವಲ್ಪ ತಗ್ಗುತ್ತದೆ, ಕಣ್ಣು ಕಾಣುತ್ತದೆ, ಮತ್ತೆ ಮುಚ್ಚುತ್ತದೆ. ಕಣ್ಣಿಲ್ಲದವರಿಗೆ ಇದೆಲ್ಲ ಬರೀ ಚೆಂಡೆಯ ಸದ್ದು. ಪಕ್ಕದಲ್ಲಿ ಕೂತವರು ಕಿವಿಯಲ್ಲಿ ನಾಲ್ಕು ಮಾತು ಹೇಳಿದರೆ ಸಾಕು, ಆ ಸದ್ದಿಗೆ ಮುಖ ಬರುತ್ತದೆ. ಧ್ವನಿ ವಿವರಣೆ ಮಾಡುವುದು ಆ ಪಕ್ಕದವರ ಕೆಲಸವನ್ನು. ಬಯಲಾಟವನ್ನು ಅದು ತಾಳಮದ್ದಳೆಯ ಹತ್ತಿರಕ್ಕೆ ತರುತ್ತದೆ.

ವೈಕುಂಠಪುರದ ಚಿತ್ರ

ನಮ್ಮ ನೆಲದ್ದೇ ಒಂದು ಉದಾಹರಣೆ ಹಿಡಿದು ಈ ಕೆಲಸದ ಒಳಗನ್ನು ನೋಡೋಣ. 1970ರಲ್ಲಿ ಬಂದ ‘ಸಂಸ್ಕಾರ’ ಅತ್ಯುತ್ತಮ ಚಿತ್ರಕ್ಕಾಗಿ ರಾಷ್ಟ್ರಪತಿಯ ಸ್ವರ್ಣಕಮಲ ಪಡೆದ ಮೊದಲ ಕನ್ನಡ ಚಿತ್ರ. ಯು.ಆರ್. ಅನಂತಮೂರ್ತಿ ಅವರ ಕಾದಂಬರಿ, ಪಟ್ಟಾಭಿರಾಮ ರೆಡ್ಡಿ ಅವರ ನಿರ್ದೇಶನ. ಗಿರೀಶ ಕಾರ್ನಾಡರು ಪ್ರಾಣೇಶಾಚಾರ್ಯ, ಸ್ನೇಹಲತಾ ರೆಡ್ಡಿ ಚಂದ್ರಿ, ಪಿ. ಲಂಕೇಶ್ ನಾರಣಪ್ಪ. ಆಸ್ಟ್ರೇಲಿಯಾದ ಟಾಮ್ ಕೋವನ್ ಕಪ್ಪು ಬಿಳುಪಿನಲ್ಲಿ ಚಿತ್ರೀಕರಿಸಿದ ಆ ಅಗ್ರಹಾರ ಇಲ್ಲೇ, ಶೃಂಗೇರಿಯ ವೈಕುಂಠಪುರ. ನಮ್ಮ ಊರಿನ ಬೀದಿ, ನಮ್ಮ ಮಾಡು, ನಮ್ಮ ಹೊಳೆ ಭಾರತೀಯ ಸಿನಿಮಾದ ಚರಿತ್ರೆಗೆ ಸೇರಿದವು. ಶೃಂಗೇರಿಯಲ್ಲೇ ಹುಟ್ಟಿ ಬೆಳೆದ ಅಂಧ ವ್ಯಕ್ತಿಯೊಬ್ಬರು ಆ ಚಿತ್ರ ಹಾಕಿಕೊಂಡರೆ ತಮ್ಮದೇ ಊರಿನಿಂದ ಅವರಿಗೆ ಸಿಗುವುದೆಷ್ಟು? ಸಂಭಾಷಣೆ ಸಿಗುತ್ತದೆ, ರಾಜೀವ ತಾರಾನಾಥರ ಸಂಗೀತ ಸಿಗುತ್ತದೆ. ಆದರೆ ಆ ಕಥೆಯ ಭಯ ಇರುವುದು ಮಾತಿನಲ್ಲಲ್ಲ. ಹೆಣ ಎತ್ತದ ಮನೆ, ಸತ್ತು ಬೀಳುವ ಇಲಿಗಳು, ಒಬ್ಬರ ಮುಖ ಒಬ್ಬರು ನೋಡದ ಜನ, ಇವು ಆ ಭಯವನ್ನು ಹುಟ್ಟಿಸುವುದು.

ಇಂಥ ಕಥೆಗೆ ವಿವರಣೆ ಬರೆಯಲು ಕೂತವರ ಮುಂದೆ ಮೊದಲು ಬರುವುದು ಹೊತ್ತಿನ ಲೆಕ್ಕ. ಎರಡು ಸೆಕೆಂಡು ಬಿಡುವು ಇದ್ದರೆ ನಾಲ್ಕು ಪದಕ್ಕಿಂತ ಹೆಚ್ಚು ಹಿಡಿಸದು. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಉದ್ದ ವಾಕ್ಯ ಬರೆದರೆ ಆದದ್ದೇನು ಎಂದು ತಿಳಿಯುವಷ್ಟರಲ್ಲಿ ಮುಂದಿನ ಮಾತು ಶುರುವಾಗಿರುತ್ತದೆ. ಆದರೆ ಕನ್ನಡ ಒಂದು ಕೈಯಲ್ಲಿ ಕಿತ್ತುಕೊಂಡದ್ದನ್ನು ಇನ್ನೊಂದು ಕೈಯಲ್ಲಿ ಕೊಡುತ್ತದೆ. ‘ನಿಂತಳು’ ಎಂದರೆ ಅವಳು ಎಂದು ಬೇರೆ ಹೇಳಬೇಕಿಲ್ಲ. ಸರಕ್ಕನೆ, ತಡವರಿಸಿ, ಮಿಣಮಿಣ, ಗಕ್ಕನೆ ಎಂಬ ನಮ್ಮ ಪದಗಳಲ್ಲಿ ಒಂದೊಂದರಲ್ಲೂ ಒಂದು ಇಡೀ ಚಲನೆ ಅಡಗಿದೆ. ‘ಜಗಲಿಯ ಕಂಬ ಹಿಡಿದು ನಿಂತಳು. ಅಂಗಳದಲ್ಲಿ ಇಲಿಯೊಂದು ಗರಗರ ಸುತ್ತಿ ಬಿತ್ತು.’ ಇಷ್ಟೇ ಸಾಕು. ‘ಭಯಂಕರವಾಗಿ’ ಎಂಬ ಪದ ಬೇಡ. ಭಯಪಡುವ ಹಕ್ಕು ಕೇಳುಗರದು.

ಎರಡನೆಯ ತೊಡಕು ಇನ್ನೂ ಆಳದ್ದು. ಆಚಾರ್ಯರು ‘ಬರುತ್ತಾರೆ’, ಚಂದ್ರಿ ‘ಬರುತ್ತಾಳೆ’ ಎಂದು ನಮ್ಮ ನಾಲಿಗೆ ಯೋಚಿಸದೆ ಹೇಳಿಬಿಡುತ್ತದೆ. ಚಿತ್ರ ಯಾವ ಮೇಲುಕೀಳನ್ನು ಪ್ರಶ್ನಿಸುತ್ತಿದೆಯೋ ಅದೇ ಮೇಲುಕೀಳನ್ನು ವಿವರಣೆಗಾರನ ವ್ಯಾಕರಣ ಕೇಳುಗರ ಕಿವಿಗೆ ಮತ್ತೆ ತುಂಬುತ್ತದೆ. ಇಂಗ್ಲಿಷಿನ ಕೈಪಿಡಿ ಈ ಪ್ರಶ್ನೆಗೆ ಉತ್ತರ ಕೊಡಲಾರದು, ಏಕೆಂದರೆ ಆ ಭಾಷೆಯ ಕ್ರಿಯಾಪದಕ್ಕೆ ಈ ಪ್ರಶ್ನೆಯೇ ಏಳುವುದಿಲ್ಲ. ಎಲ್ಲರಿಗೂ ಒಂದೇ ಬಗೆಯ ಕ್ರಿಯಾಪದ ಬಳಸಬೇಕು, ಯಾವುದು ಎಂಬುದನ್ನು ಚಿತ್ರದ ಆರಂಭದಲ್ಲೇ ತೀರ್ಮಾನಿಸಿ ಕೊನೆಯವರೆಗೆ ಪಾಲಿಸಬೇಕು ಎಂಬುದು ನನ್ನ ಅಭಿಪ್ರಾಯ. ನೀವು ಬೇರೆ ರೀತಿ ಹೇಳಬಹುದು. ಆದರೆ ಈ ಚರ್ಚೆ ನಡೆಯಬೇಕಾದದ್ದು ಕನ್ನಡದಲ್ಲಿ, ಕನ್ನಡ ಬಲ್ಲವರ ನಡುವೆ. ಇಂಗ್ಲಿಷಿನಲ್ಲಿ ಸಿದ್ಧಪಡಿಸಿದ ವಿವರಣೆಯನ್ನು ಯಂತ್ರದಿಂದ ಕನ್ನಡಕ್ಕೆ ತಿರುಗಿಸಿ ಅಂಟಿಸಿದರೆ ಇಂಥ ಸೂಕ್ಷ್ಮಗಳೆಲ್ಲ ಸೋರಿಹೋಗುತ್ತವೆ.

ಮೂರನೆಯದು ಕ್ರಮ. ಶೃಂಗೇರಿಯ ವಿದ್ಯಾಶಂಕರ ದೇವಾಲಯವನ್ನು ಕಣ್ಣಿಲ್ಲದ ನೆಂಟರಿಗೆ ತೋರಿಸಿದವರಿಗೆ ಇದು ಗೊತ್ತು. ಮೊದಲೇ ಸಿಂಹದ ಬಾಯೊಳಗೆ ಉರುಳುವ ಕಲ್ಲಿನ ಗುಂಡನ್ನು ಮುಟ್ಟಿಸಿದರೆ ಅದು ಎಲ್ಲಿಯ ಸಿಂಹ ಎಂದು ಅವರಿಗೆ ತಿಳಿಯದು. ಎತ್ತರದ ಜಗತಿ, ಮೇಲೆ ಕಲ್ಲಿನ ಗುಡಿ, ಒಳಗೆ 12 ರಾಶಿಗಳ 12 ಕಂಬ, ಆ ಕಂಬಕ್ಕೆ ಸಿಂಹ, ಸಿಂಹದ ಬಾಯಲ್ಲಿ ಗುಂಡು. ದೊಡ್ಡದರಿಂದ ಚಿಕ್ಕದಕ್ಕೆ ಬರಬೇಕು. ಚಿತ್ರದ ವಿವರಣೆಗೂ ಇದೇ ದಾರಿ.

ಬರೆದದ್ದನ್ನು ಅಂಧ ಕೇಳುಗರೊಬ್ಬರು ಕೇಳಿ ಒಪ್ಪಬೇಕು ಎಂಬುದು ಕೊನೆಯ ನಿಯಮ. ಯಾವುದು ಸಾಲದು, ಯಾವುದು ಹೆಚ್ಚಾಯಿತು ಎಂದು ಅವರಷ್ಟು ಚೆನ್ನಾಗಿ ನಮಗೆ ತಿಳಿಯದು. ಅವರನ್ನು ಕೇಳದೆ ಅವರಿಗಾಗಿ ಮಾಡಿದ ಕೆಲಸ ಅವರಿಗೆ ಒದಗುವುದಿಲ್ಲ.

ಕಾನೂನು ಏನು ಹೇಳುತ್ತದೆ

2011ರ ಜನಗಣತಿಯ ಪ್ರಕಾರ ದೇಶದಲ್ಲಿ ದೃಷ್ಟಿದೋಷವುಳ್ಳವರು 50 ಲಕ್ಷಕ್ಕೂ ಹೆಚ್ಚು, ಕರ್ನಾಟಕದಲ್ಲಿ ಸುಮಾರು 2.64 ಲಕ್ಷ. ಇವರ ಪರವಾಗಿ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ ಸ್ಪಷ್ಟವಾಗಿ ಮಾತಾಡಿದೆ. ಅದರ 42ನೇ ಕಲಮು ಧ್ವನಿ ವಿವರಣೆ, ಸಂಜ್ಞಾ ಭಾಷೆ, ಅಡಿಬರಹಗಳ ಮೂಲಕ ವಿದ್ಯುನ್ಮಾನ ಮಾಧ್ಯಮವನ್ನು ತಲುಪಿಸುವ ಕ್ರಮ ಕೈಗೊಳ್ಳುವುದನ್ನು ಸರ್ಕಾರದ ಹೊಣೆ ಮಾಡಿದೆ. 2021ರ ಡಿಜಿಟಲ್ ಮಾಧ್ಯಮ ನಿಯಮಗಳು ಒಟಿಟಿ ಸಂಸ್ಥೆಗಳಿಗೆ ಇದೇ ಮಾತನ್ನು ಹೇಳಿದವು, ಆದರೆ ‘ಸಾಧ್ಯವಿದ್ದ ಮಟ್ಟಿಗೆ’ ಎಂಬ ಸಡಿಲ ಗಂಟು ಹಾಕಿದವು.

ಗಂಟು ಬಿಗಿಯಾದದ್ದು ನ್ಯಾಯಾಲಯದಲ್ಲಿ. ‘ಪಠಾಣ್’ ಚಿತ್ರದ ಬಿಡುಗಡೆಗೆ ಮುಂಚೆ ದೃಷ್ಟಿ ಮತ್ತು ಶ್ರವಣ ದೋಷವುಳ್ಳ ಅರ್ಜಿದಾರರು ದೆಹಲಿ ಹೈಕೋರ್ಟಿಗೆ ಹೋದರು. 2023ರ ಜನವರಿ 16ರಂದು ನ್ಯಾಯಮೂರ್ತಿ ಪ್ರತಿಭಾ ಸಿಂಗ್ ಅವರು ಆ ಚಿತ್ರದ ಒಟಿಟಿ ಆವೃತ್ತಿಗೆ ಹಿಂದಿಯಲ್ಲಿ ಧ್ವನಿ ವಿವರಣೆ ಮತ್ತು ಅಡಿಬರಹ ಸಿದ್ಧಪಡಿಸುವಂತೆ ನಿರ್ಮಾಪಕರಿಗೆ ಆದೇಶಿಸಿದರು. ಚಿತ್ರಮಂದಿರದ ಬಿಡುಗಡೆಗೆ ಆಗ ದಿನಗಳಷ್ಟೇ ಉಳಿದಿದ್ದವು. 2024ರ ಮಾರ್ಚ್‌ನಲ್ಲಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಚಿತ್ರಮಂದಿರಗಳಿಗೆ ಮಾರ್ಗಸೂಚಿ ಹೊರಡಿಸಿತು. ಒಂದಕ್ಕಿಂತ ಹೆಚ್ಚು ಭಾಷೆಗಳಲ್ಲಿ ಪ್ರಮಾಣಪತ್ರ ಪಡೆಯುವ ಚಿತ್ರಗಳು ಆರು ತಿಂಗಳೊಳಗೆ ಈ ಸೌಲಭ್ಯ ಅಳವಡಿಸಬೇಕು, ರಾಷ್ಟ್ರಪ್ರಶಸ್ತಿಗೆ ಬರುವ ಚಿತ್ರಗಳಿಗೆ 2025ರ ಜನವರಿಯಿಂದ ಇದು ಕಡ್ಡಾಯ ಎಂದಿತು. 2025ರ ಅಕ್ಟೋಬರ್‌ನಲ್ಲಿ ಒಟಿಟಿಗಳಿಗೂ ಪ್ರತ್ಯೇಕ ಕರಡು ಬಂತು. ಐದಾರು ಭಾಷೆಗಳಲ್ಲಿ ಒಟ್ಟಿಗೆ ಬಿಡುಗಡೆಯಾಗುವ ಇಂದಿನ ಕನ್ನಡ ಚಿತ್ರಗಳು 2024ರ ಮಾರ್ಗಸೂಚಿಯ ಒಳಗೇ ಬರುತ್ತವೆ. ಆದ್ದರಿಂದ ಕನ್ನಡದ ವಿವರಣೆ ಕೇಳುವುದು ಯಾರ ದಯೆಯನ್ನೂ ಬೇಡಿದಂತೆ ಅಲ್ಲ.

ಮನೆಯಲ್ಲಿ ಬಳಸುವುದು

ನೆರೆದವರಲ್ಲಿ ಹಲವರ ಮನೆಯಲ್ಲಿ ಸಕ್ಕರೆ ಕಾಯಿಲೆಯಿಂದಲೋ, ಗ್ಲಾಕೋಮಾದಿಂದಲೋ, ವಯಸ್ಸಿನಿಂದಲೋ ದೃಷ್ಟಿ ಮಂಕಾದ ಹಿರಿಯರಿದ್ದಾರೆ. ಅವರಿಗಾಗಿ ಎರಡು ಮಾತು. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್, ಐಫೋನಿನಲ್ಲಿ ವಾಯ್ಸ್‌ಓವರ್ ಎಂಬ ಸೌಲಭ್ಯ ಮೊದಲೇ ಇರುತ್ತದೆ. ಅದು ಪರದೆಯ ಮೇಲಿನದನ್ನು ಓದಿ ಹೇಳುತ್ತದೆ. ನೆಟ್‌ಫ್ಲಿಕ್ಸ್, ಪ್ರೈಮ್ ವಿಡಿಯೋದಂಥ ಕಡೆ ಚಿತ್ರ ಓಡುವಾಗ ಧ್ವನಿ ಮತ್ತು ಅಡಿಬರಹದ ಪಟ್ಟಿ ತೆರೆದರೆ, ವಿವರಣೆ ಇರುವ ಚಿತ್ರಗಳಲ್ಲಿ ಭಾಷೆಯ ಹೆಸರಿನ ಜೊತೆಗೆ ‘ಆಡಿಯೋ ಡಿಸ್ಕ್ರಿಪ್ಷನ್’ ಎಂದು ಇರುತ್ತದೆ. ಅದನ್ನು ಆರಿಸಿದರೆ ಮುಗಿಯಿತು. ನಮ್ಮ ಕಡೆ ಗಾಳಿಮಳೆಗೆ ಕರೆಂಟು ಹೋಗಿ ಟವರೂ ಮಲಗುತ್ತದೆ. ಪೇಟೆಗೆ ಹೋದಾಗ ಡೌನ್‌ಲೋಡ್ ಮಾಡಿಕೊಂಡು ಬರುವವರು, ಆ ಪ್ರತಿಯಲ್ಲಿ ವಿವರಣೆಯ ಧ್ವನಿಯೂ ಸೇರಿದೆಯೇ ಎಂದು ಅಲ್ಲೇ ಒಮ್ಮೆ ಹಾಕಿ ಕೇಳಿ ನೋಡಬೇಕು.

ಇಂಗ್ಲಿಷಿನಲ್ಲಿ ವಿವರಣೆ ಇರುವ ಚಿತ್ರಗಳು ಹೇರಳ. ಕನ್ನಡದ ದನಿ ಅಲ್ಲಿ ಸಿಗುವುದು ಅಪರೂಪ. ಹಿರೇಕೊಡಿಗೆಯ ಅಜ್ಜಿಯೊಬ್ಬರಿಗೆ ಇಂಗ್ಲಿಷಿನ ವಿವರಣೆ ಕೊಟ್ಟರೆ, 1987ರಲ್ಲಿ ನಮ್ಮ ದೊಡ್ಡಮ್ಮನ ಮುಂದಿದ್ದ ಅದೇ ಗೋಡೆಯನ್ನು ಮತ್ತೆ ಕಟ್ಟಿದಂತಾಗುತ್ತದೆ.

ನಾವು ಮಾಡಬಹುದಾದ್ದು

ದೊಡ್ಡ ಸಂಸ್ಥೆಗಳು ಮಾಡಲಿ ಎಂದು ಕಾಯುತ್ತ ಕೂರಬೇಕಿಲ್ಲ. ಬೆಂಗಳೂರಿನ ಮಿತ್ರಜ್ಯೋತಿ ಸಂಸ್ಥೆಯನ್ನು 1990ರಲ್ಲಿ ಕಟ್ಟಿದ ಮಧು ಸಿಂಘಾಲ್ ಅವರು ಸ್ವತಃ ಅಂಧರು. ಪುಸ್ತಕಗಳನ್ನು ಓದಿ ಧ್ವನಿಮುದ್ರಿಸಿ ಅಂಧರಿಗೆ ಕೊಡುವ ಗ್ರಂಥಾಲಯವನ್ನು ಅವರು ಬೆಳೆಸಿದರು. ಅಲ್ಲಿ ದನಿ ಕೊಟ್ಟವರಲ್ಲಿ ಎಷ್ಟೋ ಜನ ಸ್ವಯಂಸೇವಕರು. ಅದಕ್ಕೂ ಹಿಂದೆ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳನ್ನು ಸಂಗೀತದಲ್ಲಿ ತಮ್ಮ ಸಮಕ್ಕೆ ನಿಲ್ಲಿಸಿದರು. ಇಬ್ಬರಿಗೂ ದೃಷ್ಟಿ ಇರಲಿಲ್ಲ. ಕನ್ನಡ ನಾಡಿನಲ್ಲಿ ಈ ದಾರಿ ಹಾಕಿದವರು ಅಂಧರೇ. ಅದರ ಮೇಲೆ ನಾವೂ ನಾಲ್ಕು ಹೆಜ್ಜೆ ಇಡೋಣ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಕಾಲೇಜುಗಳ ಕನ್ನಡ ವಿಭಾಗಗಳನ್ನು ನಾನು ಕೇಳಿಕೊಳ್ಳುತ್ತೇನೆ. ವರ್ಷಕ್ಕೊಮ್ಮೆ ಹತ್ತು ನಿಮಿಷದ ಒಂದು ಕಿರುಚಿತ್ರಕ್ಕೆ ವಿದ್ಯಾರ್ಥಿಗಳಿಂದ ಕನ್ನಡ ವಿವರಣೆ ಬರೆಸಿ. ಎರಡು ಸೆಕೆಂಡಿನಲ್ಲಿ ನಾಲ್ಕು ಪದದಲ್ಲಿ ಒಂದು ಮುಖವನ್ನು ಕಾಣಿಸಲು ಕಲಿತ ಹುಡುಗಿಗೆ ಗದ್ಯ ಬರೆಯಲು ಬೇರೆ ಪಾಠ ಬೇಕಾಗದು. ಯಕ್ಷಗಾನ ಸಂಘಗಳನ್ನು ಕೇಳಿಕೊಳ್ಳುತ್ತೇನೆ. ಬಯಲಾಟದ ದಿನ ಕಣ್ಣಿಲ್ಲದವರಿಗೆ ಮುಂದಿನ ಸಾಲಿನಲ್ಲಿ ಜಾಗ ಇಡಿ, ಪ್ರಸಂಗ ಬಲ್ಲ ಒಬ್ಬರನ್ನು ಪಕ್ಕದಲ್ಲಿ ಕೂರಿಸಿ, ಆಟಕ್ಕೆ ಮುಂಚೆ ಚೌಕಿಗೆ ಕರೆದೊಯ್ದು ಕಿರೀಟವನ್ನೂ ಗೆಜ್ಜೆಯನ್ನೂ ಮುಟ್ಟಿಸಿ. ಸಾಹಿತ್ಯ ಪರಿಷತ್ತನ್ನು ಕೇಳಿಕೊಳ್ಳುತ್ತೇನೆ. ಕನ್ನಡ ಚಿತ್ರಗಳಿಗೆ ಕನ್ನಡದಲ್ಲೇ ಧ್ವನಿ ವಿವರಣೆ ಬೇಕೆಂದು ಒಂದು ನಿರ್ಣಯ ಮಾಡಿ ಸರ್ಕಾರಕ್ಕೂ ಚಲನಚಿತ್ರ ವಾಣಿಜ್ಯ ಮಂಡಳಿಗೂ ಕಳಿಸಿ. ಅಮೆರಿಕದಲ್ಲೂ ದೆಹಲಿಯಲ್ಲೂ ಕೇಳಿದವರಿಗೆ ಸಿಕ್ಕಿದೆ. ನಾವು ಇನ್ನೂ ಸರಿಯಾಗಿ ಕೇಳಿಯೇ ಇಲ್ಲ.

ಇವೆಲ್ಲ ಆಗಲು ಒಂದಿಷ್ಟು ಕಾಲ ಬೇಕು. ಒಂದು ಕೆಲಸಕ್ಕೆ ಮಾತ್ರ ಕಾಲ ಬೇಕಿಲ್ಲ, ಹಣವೂ ಬೇಕಿಲ್ಲ. ಇವತ್ತು ರಾತ್ರಿ ನಿಮ್ಮ ಮನೆಯಲ್ಲಿ ಟಿವಿ ಹಚ್ಚಿದಾಗ, ಕಣ್ಣು ಮಂಕಾದ ಅಜ್ಜನೋ ದೊಡ್ಡಮ್ಮನೋ ಪಕ್ಕದಲ್ಲಿ ಕೂತು ‘ಈಗ ಎಂತ ಆಯ್ತಾ?’ ಎಂದು ಕೇಳಿದರೆ, ದಯವಿಟ್ಟು ‘ಆಮೇಲೆ ಹೇಳ್ತೀನಿ’ ಎನ್ನಬೇಡಿ. ಆಗಲೇ ಹೇಳಿ.